ಹಾಲಿನ ಊರು, ಹುಲ್ಲಿನ ಜಾಡು

ಚೆನ್ನೈಯಿಂದ ಕೋಲ್ಕತ್ತದ ಕಡೆಗೆ ಹೊರಡುವ ಜಿ.ಎನ್.ಟಿ. ರಸ್ತೆ ನಗರ ದಾಟುವ ಮೊದಲು ಮಾಧವರಂ ಹಾಯ್ದು ಹೋಗುತ್ತದೆ. ಆಂಧ್ರದ ಬಸ್ಸುಗಳಿಗೆಂದು 2018ರಲ್ಲಿ ಇಲ್ಲೊಂದು ನಿಲ್ದಾಣವಾಯಿತು. ಲಾರಿಗಳಿಗಂತೂ ಈ ಊರು ಅದಕ್ಕೂ ಮೊದಲಿನಿಂದಲೇ ತವರು. ಮಾಧವರಂ ಪುರಸಭೆ 2011ರಲ್ಲಿ ಚೆನ್ನೈ ಮಹಾನಗರ ಪಾಲಿಕೆಯೊಳಗೆ ಸೇರಿಹೋಯಿತು. ಮೆಟ್ರೋ ಎರಡನೆಯ ಹಂತದ ಮೂರನೆಯ ಮಾರ್ಗ ಶುರುವಾಗುವುದೂ ಇಲ್ಲಿನ ‘ಮಿಲ್ಕ್ ಕಾಲೊನಿ’ಯಿಂದಲೇ. ಹೀಗೆ ಹಾಲನ್ನು ಹೆಸರಿನಲ್ಲೇ ಹೊತ್ತ ಊರಿನ ಬಗ್ಗೆ ಓದಲು ಸಿಗುವುದೆಲ್ಲ ಹಾಲಿನ ಕಥೆ: ಡೇರಿ, ಇಲಾಖೆ, ಒಕ್ಕೂಟ. ಹಸು ಏನು ತಿಂದಿತು, ಅದು ಎಲ್ಲಿಂದ ಬಂತು ಎಂದು ಬರೆದವರು ಕಡಿಮೆ. ಹುಲ್ಲಿನ ಜಾಡು ಹಿಡಿಯದೆ ಈ ಊರು ಅರ್ಥವಾಗುವುದಿಲ್ಲ ಎಂಬುದು ನನ್ನ ಹಟ.

ದನ ಕಾಯುವವರ ಗುರುತು ಇಲ್ಲಿ ಬಹಳ ಹಳೆಯದು. ಈ ಸೀಮೆಯನ್ನೊಳಗೊಂಡ ತೊಂಡೈಮಂಡಲವನ್ನು ಇಪ್ಪತ್ತನಾಲ್ಕು ಕೋಟ್ಟಗಳಾಗಿ, ಅಂದರೆ ಆಡಳಿತ ವಿಭಾಗಗಳಾಗಿ, ವಿಂಗಡಿಸಿದ್ದ ಕಾಲದಲ್ಲಿ ಮಾಧವರಂ ಪಕ್ಕದ ಪುಳಲ್ ಅದರಲ್ಲೊಂದು ಕೋಟ್ಟದ ಮುಖ್ಯಸ್ಥಳ. ಕರ್ನಾಟ ದೇಶದಿಂದ ಬಂದ ಕುರುಂಬರು ಇಲ್ಲಿ ಕೋಟೆ ಕಟ್ಟಿ ಆಳಿದರು, ಆಮೇಲೆ ಅದೊಂಡೈ ಚೋಳ ಅವರನ್ನು ಸೋಲಿಸಿದ ಎಂಬ ಐತಿಹ್ಯವನ್ನು ಸರ್ವೇಯರ್ ಕಾಲಿನ್ ಮೆಕೆಂಜಿಯ ಸಹಾಯಕರು ಇನ್ನೂರು ವರ್ಷಗಳ ಹಿಂದೆ ಬರೆದುಕೊಂಡಿದ್ದಾರೆ. ಐತಿಹ್ಯವನ್ನು ಶಾಸನದಂತೆ ನಂಬಬೇಕಾಗಿಲ್ಲ. ಆದರೆ ಕುರಿ ಸಾಕುವ ಕನ್ನಡ ಸೀಮೆಯ ಜನ ಕೆರೆಗಳ ಈ ಬಯಲಿಗೆ ಬಂದರು ಎಂಬ ಮಾತು ನಂಬಲಾಗದ್ದೇನೂ ಅಲ್ಲ. ಐತಿಹ್ಯಕ್ಕಿಂತ ಗಟ್ಟಿಯಾದ ದಾಖಲೆ 1909ರದು. ಎಡ್ಗರ್ ಥರ್ಸ್ಟನ್ ದಕ್ಷಿಣ ಭಾರತದ ಜಾತಿಗಳ ಮೇಲೆ ಬರೆದ ಏಳು ಸಂಪುಟಗಳಲ್ಲಿ ‘ಕನ್ನಡಿಯನ್’ ಎಂಬ ಜನರ ಪ್ರಸ್ತಾಪವಿದೆ: ಮೈಸೂರು ಸೀಮೆಯಿಂದ ವಲಸೆ ಬಂದವರು, ಉತ್ತರ ಆರ್ಕಾಟು ಮತ್ತು ಚೆಂಗಲ್ಪಟ್ಟು ಜಿಲ್ಲೆಗಳಲ್ಲಿ ದನ ಸಾಕಿ ಬೇಸಾಯ ಮಾಡುವವರು. ಮದರಾಸಿನ ಕನ್ನಡಿಗರೆಂದರೆ ತಿರುವಲ್ಲಿಕ್ಕೇಣಿಯ ವಠಾರ, ಕೋಡಂಬಾಕ್ಕದ ಸ್ಟುಡಿಯೋ ಎಂದಷ್ಟೇ ನೆನೆಯುವ ನಾವು, ಕೊಟ್ಟಿಗೆಯ ಈ ಕನ್ನಡಿಗರನ್ನು ಲೆಕ್ಕಕ್ಕೆ ಹಿಡಿದೇ ಇಲ್ಲ.

ನಗರದೊಳಗೂ ಹಸುಗಳಿದ್ದವು. ಗೌಳಿ ಹಸುವನ್ನೇ ಮನೆಬಾಗಿಲಿಗೆ ಹೊಡೆದುಕೊಂಡು ಬಂದು, ಮನೆಯವರ ಕಣ್ಣೆದುರೇ ಕರೆದು ಕೊಡುತ್ತಿದ್ದ. ಕರು ಸತ್ತಿದ್ದರೆ ಅದರ ಚರ್ಮದೊಳಗೆ ಒಣಹುಲ್ಲು ತುರುಕಿದ ಬೊಂಬೆ ಕರುವನ್ನು ಹೆಗಲ ಮೇಲೆ ಹೊತ್ತು ತರುತ್ತಿದ್ದ. ಹಸು ಅದನ್ನು ನೆಕ್ಕಿ ಸೊರೆ ಬಿಡಬೇಕು. ಹಳೆಯ ಮದರಾಸಿನ ನೆನಪುಗಳಲ್ಲಿ ಈ ಹುಲ್ಲಿನ ಕರು ಮತ್ತೆ ಮತ್ತೆ ಬರುತ್ತದೆ. ಓದುವಾಗ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ನಗರದ ದನಗಳನ್ನು ಹೊರವಲಯಕ್ಕೆ ಸಾಗಿಸಿ, ಹಾಲನ್ನು ಶುದ್ಧವಾಗಿ ತರಿಸಿಕೊಳ್ಳುವುದು ಸ್ವಾತಂತ್ರ್ಯದ ನಂತರದ ಯೋಜನೆಗಾರರ ಕನಸಾಗಿತ್ತು. ಮುಂಬಯಿಯ ಆರೆ ಕಾಲೊನಿ ಅದಕ್ಕೆ ಮಾದರಿ. ಮದ್ರಾಸ್ ರಾಜ್ಯದಲ್ಲಿ 1958ರಲ್ಲಿ ಡೇರಿ ಅಭಿವೃದ್ಧಿ ಇಲಾಖೆ ಹುಟ್ಟಿತು. 1963ರಲ್ಲಿ ಕೊಲಂಬೊ ಯೋಜನೆಯಡಿ ನ್ಯೂಜಿಲೆಂಡಿನ ನೆರವಿನಿಂದ ಮಾಧವರಂನಲ್ಲಿ ಡೇರಿ ಎದ್ದಿತು. ಪಶುವೈದ್ಯ ವಿಶ್ವವಿದ್ಯಾಲಯವೂ 1989ರಲ್ಲಿ ಇಲ್ಲಿಯೇ ನೆಲೆಯಾಯಿತು. ನ್ಯೂಜಿಲೆಂಡಿನಿಂದ ಯಂತ್ರ ಬರಬಹುದು, ಅಲ್ಲಿನ ಹುಲ್ಲುಗಾವಲು ಬರುವುದಿಲ್ಲವಲ್ಲ! ಹುಲ್ಲಿಗೆ ಚೋಳವರಂ, ಪೊನ್ನೇರಿ, ತಿರುವಳ್ಳೂರಿನ ಗದ್ದೆಗಳೇ ಗತಿ.

ಇಲ್ಲಿ ಒಣಹುಲ್ಲು ಎಂದರೆ ಭತ್ತದ ಹುಲ್ಲು. ಅದರ ಯೋಗ್ಯತೆಯನ್ನು ತೀರ್ಮಾನಿಸುವುದು ತಳಿಗಿಂತ ಹೆಚ್ಚಾಗಿ ಕೊಯ್ಲಿನ ತಿಂಗಳು. ವರ್ಷಕ್ಕೆ ಮೂರು ಬೆಳೆ: ಸೊರ್ಣವಾರಿ, ಸಾಂಬಾ, ನವರೈ. ಸೊರ್ಣವಾರಿ ಕೊಯ್ಯುವುದು ಆಗಸ್ಟ್, ಸೆಪ್ಟೆಂಬರಿನಲ್ಲಿ. ಹಗಲೆಲ್ಲ ಬಿಸಿಲಿದ್ದು ಸಂಜೆ ಗುಡುಗಿ ಸುರಿಯುವ ದಿನಗಳವು, ಹುಲ್ಲು ಒಣಗಿತು ಅನ್ನುವಷ್ಟರಲ್ಲಿ ನೆನೆಯುತ್ತದೆ. ಸಾಂಬಾ ಕೊಯ್ಲು ಪೊಂಗಲ್ ಆಸುಪಾಸಿನಲ್ಲಿ. ಚೆನ್ನೈಗೆ ವರ್ಷಕ್ಕೆ ಬೀಳುವ ಸುಮಾರು 1,400 ಮಿ.ಮೀ. ಮಳೆಯಲ್ಲಿ ಅರ್ಧಕ್ಕೂ ಹೆಚ್ಚು ಅಕ್ಟೋಬರಿನಿಂದ ಡಿಸೆಂಬರಿನೊಳಗೆ ಸುರಿದು ಮುಗಿದಿರುತ್ತದೆ. ಜನವರಿಯಲ್ಲಿ ಕಾಟ ಕೊಡುವುದು ಇಬ್ಬನಿ ಮಾತ್ರ. ಏಪ್ರಿಲ್ ಹೊತ್ತಿಗೆ ಬರುವ ನವರೈ ಹುಲ್ಲಿಗೆ ಬಿಸಿಲಿನ ಕೊರತೆಯಿಲ್ಲ. ಆದರೂ ವರ್ಷಪೂರ್ತಿ ಇಡುವ ಬಣವೆಗೆ ಸಾಂಬಾ ಹುಲ್ಲೇ ಆಸರೆ: ಬೆಳೆ ದೀರ್ಘಾವಧಿಯದು, ಕಡ್ಡಿ ಉದ್ದ, ರಾಶಿಯೂ ಹೆಚ್ಚು.

ಎರಡು ಹಸು, ಒಂದೆರಡು ಎಕರೆಯ ಮನೆಯ ಲೆಕ್ಕ ಸರಳ. ಭತ್ತದ ತೂಕದಷ್ಟೇ ಹೆಚ್ಚುಕಡಿಮೆ ಹುಲ್ಲು ಸಿಗುತ್ತದೆ. ಎಕರೆಗೆ ಎರಡು ಟನ್ ಹುಲ್ಲಾದರೆ, ದಿನಕ್ಕೆ ಐದಾರು ಕಿಲೋ ತಿನ್ನುವ ಒಂದು ಹಸುವಿಗೆ ವರ್ಷ ಕಳೆಯುತ್ತದೆ. ಆ ಹುಲ್ಲು ಕೆಡದಂತೆ ಉಳಿಸಿಕೊಳ್ಳುವುದರಲ್ಲಿ ಮನೆಯ ಜಾಣತನವೆಲ್ಲ ಇದೆ. ಕುಡುಗೋಲಿನಲ್ಲಿ ಕೊಯ್ದು, ಸಿವುಡು ಕಟ್ಟಿ, ಕಣದಲ್ಲಿ ಬಡಿದು ಕಾಳು ಉದುರಿಸಿದ ಮೇಲೆ ಹುಲ್ಲನ್ನು ಬಯಲಿನಲ್ಲಿ ತೆಳುವಾಗಿ ಹರಡುತ್ತಾರೆ. ಇಬ್ಬನಿ ಆರುವವರೆಗೆ ಮುಟ್ಟುವುದಿಲ್ಲ. ಬಿಸಿಲೇರಿದ ಮೇಲೆ ಮಗುಚುತ್ತಾರೆ, ಸಂಜೆ ಗುಪ್ಪೆ ಮಾಡುತ್ತಾರೆ, ಮರುದಿನ ಮತ್ತೆ ಬಿಡಿಸುತ್ತಾರೆ. ಒಣಗಿತೋ ಇಲ್ಲವೋ ಎಂಬುದಕ್ಕೆ ಕೈಯೇ ಅಳತೆ: ಒಂದು ಹಿಡಿ ತಿರುಚಿದರೆ ಸದ್ದು ಮಾಡಬೇಕು, ಗೆಣ್ಣನ್ನು ಉಗುರಿನಿಂದ ಒತ್ತಿದರೆ ಪಸೆ ತಾಗಬಾರದು.

ಬಣವೆ ಒಟ್ಟುವುದು ಇನ್ನೊಂದು ವಿದ್ಯೆ. ಕೆಳಗೆ ಕಲ್ಲು, ಮರದ ದಿಮ್ಮಿ ಅಥವಾ ತಾಳೆಯ ಮಟ್ಟೆ ಹಾಸಿ ಗೆದ್ದಲನ್ನೂ ನೆಲದ ತೇವವನ್ನೂ ತಡೆಯಬೇಕು. ಬುಡ ಹೊರಗೆ, ತುದಿ ಒಳಗೆ ಬರುವಂತೆ ಸುತ್ತ ಜೋಡಿಸುತ್ತ ನಡುವನ್ನು ಸದಾ ಎತ್ತರದಲ್ಲಿ ಇಟ್ಟುಕೊಳ್ಳಬೇಕು. ನಡು ತಗ್ಗಿದರೆ ನೀರು ಒಳಗಿಳಿಯುತ್ತದೆ. ನೆತ್ತಿಯನ್ನು ಗುಡಿಸಲಿನ ಮಾಡಿನಂತೆ ಇಳಿಜಾರು ಮಾಡಿ, ಹುಲ್ಲಿನ ಹಗ್ಗಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟರೆ ಗಾಳಿಗೆ ಹಾರುವುದಿಲ್ಲ. ಹಸಿ ಹುಲ್ಲು ಒಳಗೆ ಸೇರಿಬಿಟ್ಟರೆ ಬಣವೆ ಬೆವರುತ್ತದೆ, ಕಾವೇರುತ್ತದೆ, ಬೂಷ್ಟು ಹಿಡಿಯುತ್ತದೆ. ಕೆಲವೊಮ್ಮೆ ಒಳಗೊಳಗೇ ಹೊಗೆಯಾಡಿ ಹತ್ತಿಕೊಳ್ಳುವುದೂ ಉಂಟು. ಅದಕ್ಕೇ ಹೊಸ ಬಣವೆಯೊಳಗೆ ಮೊಣಕೈವರೆಗೆ ಕೈ ತೂರಿಸಿ ನೋಡುವುದು. 2015ರ ಡಿಸೆಂಬರ್ ಪ್ರವಾಹ, 2016ರ ವರ್ದಾ ಚಂಡಮಾರುತ, 2023ರ ಮಿಚಾಂಗ್‌ನಂಥ ಮಳೆಗಾಳಿಗೆ ಈ ವಿದ್ಯೆ ಸಾಲದು. ಎಲ್ಲವೂ ಡಿಸೆಂಬರಿನವೇ, ಹಳೆಯ ಬಣವೆ ಕರಗುತ್ತಿರುವಾಗ, ಹೊಸ ಹುಲ್ಲು ಇನ್ನೂ ಗದ್ದೆಯಲ್ಲಿ ನಿಂತಿರುವಾಗ.

ಕೊಯ್ಲಿನ ಯಂತ್ರ ಬಂದ ಮೇಲೆ ಈ ಲೆಕ್ಕ ತಪ್ಪಿತು. ಯಂತ್ರ ಕೂಳೆಯನ್ನು ಎತ್ತರಕ್ಕೆ ಬಿಟ್ಟು ಕೊಯ್ಯುತ್ತದೆ, ಹುಲ್ಲನ್ನು ನುರಿದು ಚೆಲ್ಲುತ್ತದೆ. ನುರಿದ ಹುಲ್ಲನ್ನು ಹಸು ತಿನ್ನುತ್ತದೆ, ಆದರೆ ಅದರಿಂದ ನೀರು ಜಾರುವ ಬಣವೆ ಒಟ್ಟಲಾಗದು. ಕೊಯ್ಲಿನ ಯಂತ್ರದ ಹಿಂದೆಯೇ ಟ್ರ್ಯಾಕ್ಟರಿಗೆ ಕಟ್ಟಿದ ಉರುಳೆ ಯಂತ್ರ ಬಂದು ಹುಲ್ಲನ್ನು ಸುತ್ತಿ, ಹುರಿಯಿಂದ ಬಿಗಿದು ಗದ್ದೆಯಲ್ಲಿ ಉರುಳಿಸಿ ಹೋಗುತ್ತದೆ. ಉರುಳೆಗೆ ಇಷ್ಟು ಎಂದು ದುಡ್ಡು. ಲಾರಿಗೆ ಹೇರಲು ಸಲೀಸು. ಆಳು ಸಿಗದ ಮನೆಗೆ ಅದು ಉಪಕಾರವೇ, ಅಲ್ಲವೆನ್ನಲಾರೆ. ಆದರೆ ಹುಲ್ಲು ಮನೆಯ ಹಿತ್ತಿಲಿನಿಂದ ಪೇಟೆಗೆ ಹೋದದ್ದೂ ಆ ಹುರಿ ಬಿಗಿದ ದಿನದಿಂದಲೇ. ಗದ್ದೆ ಮಾರಿ ಹಸು ಉಳಿಸಿಕೊಂಡವರು ಅದನ್ನೇ ತಿರುಗಿ ಕೊಳ್ಳಬೇಕು.

ಭತ್ತದ ಹುಲ್ಲಿಗೆ ಬದಲಿಯಾದ ಮೇವನ್ನು ನೋಡಬೇಕೆಂದರೆ, ಮಾಧವರಂನಿಂದ ಮುಂದೆ ರೆಡ್‌ಹಿಲ್ಸ್ ದಾಟಿದರೆ ಅಲಮಾದಿ. ಅಲ್ಲಿ ಕೇಂದ್ರ ಸರ್ಕಾರದ ಮೇವು ಕೇಂದ್ರವೂ ಮುರ್ರಾ ಎಮ್ಮೆಗಳ ತಳಿ ಕೇಂದ್ರವೂ ಇವೆ. ನಮ್ಮ ಹೆಸರಘಟ್ಟದ ಮೇವಿನ ಬೀಜದ ಫಾರಂ ನೋಡಿದವರಿಗೆ ಈ ಜಾಗ ಹೊಸದೆನಿಸದು. ಹಸಿರು ಮೇವನ್ನು ಹೂ ಬಿಡುವ ಹೊತ್ತಿಗೆ ಕೊಯ್ದು, ಎಲೆ ಉದುರದಂತೆ ಒಣಗಿಸಿ ಇಟ್ಟರೆ ಅದರ ಸತ್ವಕ್ಕೆ ಭತ್ತದ ಹುಲ್ಲು ಸಾಟಿಯಲ್ಲ. ಭತ್ತದ ಹುಲ್ಲಿನಲ್ಲಿ ಪ್ರೋಟೀನು ಶೇ. 3-4ರಷ್ಟು ಮಾತ್ರ. ಆದರೂ ಸಣ್ಣ ರೈತ ಹಸಿರು ಮೇವನ್ನು ಒಣಗಿಸುವುದಿಲ್ಲ. ಬದುವಿನಲ್ಲಿ ನೇಪಿಯರ್ ಕಡ್ಡಿ ನೆಟ್ಟರೆ ಅಂದಂದಿನದನ್ನು ಅಂದೇ ಕೊಯ್ದು ಹಾಕುತ್ತಾನೆ, ಒಣಗಿಸುವಷ್ಟು ಮಿಕ್ಕುವುದೆಲ್ಲಿ? ಭತ್ತದ ಹುಲ್ಲಿನ ಸತ್ವ ಹೆಚ್ಚಿಸಲು ನೂರು ಕಿಲೋ ಒಣಹುಲ್ಲಿಗೆ ನಾಲ್ಕು ಕಿಲೋ ಯೂರಿಯಾ ನೀರಿನಲ್ಲಿ ಕರಗಿಸಿ ಚಿಮುಕಿಸಿ, ಮೂರು ವಾರ ಗಾಳಿಯಾಡದಂತೆ ಮುಚ್ಚಿಡುವ ಪಾಠವನ್ನು ಪಶುವೈದ್ಯರು ದಶಕಗಳಿಂದ ಹೇಳುತ್ತಲೇ ಇದ್ದಾರೆ. ಪಾಠ ಸರಿಯಾದದ್ದೇ. ಆದರೆ ಬೆಳಗಿನ ಜಾವ ಎದ್ದು ಹಾಲು ಕರೆದು ಸೊಸೈಟಿಗೆ ಹಾಕಿ ಬರುವ ಹೆಂಗಸಿಗೆ ಈ ಕೆಲಸ ಇನ್ನೊಂದು ಹೊರೆ ಎಂಬುದನ್ನು ಪಾಠ ಹೇಳುವವರು ಯೋಚಿಸಿದಂತಿಲ್ಲ.

ಇನ್ನು ನಗರದೊಳಗೆ, ಪಾಲಿಕೆ ಬೀದಿಯಲ್ಲಿ ಹಿಡಿದ ದನಕ್ಕೆ ದಂಡ ಹಾಕುತ್ತದೆ. ಆದರೂ ತಿರುವಲ್ಲಿಕ್ಕೇಣಿಯ ಸಂದುಗಳಲ್ಲಿ ಹಸುಗಳಿವೆ. ಅಮಾವಾಸ್ಯೆ ಬಂತೆಂದರೆ ಗುಡಿಯ ಹತ್ತಿರ ಅಗಸೆ ಸೊಪ್ಪಿನ ಕಟ್ಟು ಮಾರಲು ಕೂರುತ್ತಾರೆ. ಕೊಂಡವರು ಹಸುವಿನ ಬಾಯಿಗಿಟ್ಟು, ಬೆನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು ಹೋಗುತ್ತಾರೆ. ಒಣಹುಲ್ಲನ್ನು ಪುಣ್ಯಕ್ಕೆಂದು ಕೊಳ್ಳುವವರನ್ನು ನಾನಂತೂ ಕಂಡಿಲ್ಲ. ಅದರ ದುಡ್ಡನ್ನು ಹಸುವಿನ ಯಜಮಾನನೇ ಹೊಂದಿಸಬೇಕು, ಲಾರಿಯವನ ಹತ್ತಿರ ಸಾಲ ಹೇಳಿಯಾದರೂ.