ಪಾರ್ಕಿನ ಮುಯ್ಯಿ

ಕಾಲೇಜು ಮೆಟ್ಟಿಲು ಹತ್ತಿದ ಎಲ್ಲರಿಗೂ ‘ಶ್ರಮದಾನ’ ಅನ್ನೋ ಪದ ಗೊತ್ತು. ಬೆಳಿಗ್ಗೆ ಗುದ್ದಲಿ, ಬಾಂಡ್ಲಿ ಹಿಡಿದು ಹೊರಡೋದು, ಹತ್ತು ಗಂಟೆಗೆ ಉಪ್ಪಿಟ್ಟು, ಮಧ್ಯಾಹ್ನದ ಹೊತ್ತಿಗೆ ಕಳೆ ಕಿತ್ತ ಜಾಗದ ಮುಂದೆ ನಿಂತು ಒಂದು ಫೋಟೋ. ಮುಂದಿನ ಮಳೆಗೆ ಪಾರ್ಥೇನಿಯಂ ಮತ್ತೆ ಮೊಣಕಾಲೆತ್ತರ ಬೆಳೆದಿರುತ್ತೆ. ಅದನ್ನು ನೋಡೋಕೆ ನಾವು ಯಾರೂ ಅಲ್ಲಿಗೆ ವಾಪಸ್ ಹೋಗಿರಲ್ಲ. ದಾನ ಅಂದ ಮೇಲೆ ಹಾಗೇ ತಾನೆ. ಕೊಟ್ಟವನು ಕೊಟ್ಟು ಹೋಗ್ತಾನೆ, ಲೆಕ್ಕ ಅಲ್ಲಿಗೆ ಚುಕ್ತಾ.

ಆದರೆ ಹಳ್ಳಿಗಳಲ್ಲಿ ಇನ್ನೊಂದು ಪದವೂ ಇದೆ: ಮುಯ್ಯಾಳು. ಇವತ್ತು ನೀನು ನನ್ನ ಗದ್ದೆ ನಾಟಿಗೆ ಬಂದರೆ ನಾಳೆ ನಿನ್ನ ಗದ್ದೆಗೆ ನಾನು ಬರಬೇಕು. ಅಲ್ಲಿ ಲೆಕ್ಕ ಚುಕ್ತಾ ಆಗೋದೇ ಇಲ್ಲ. ಒಬ್ಬರ ಸಾಲ ಇನ್ನೊಬ್ಬರ ಮೇಲೆ ಸದಾ ಇದ್ದೇ ಇರುತ್ತೆ, ಅದರಿಂದಲೇ ಸಂಬಂಧವೂ ಉಳಿಯುತ್ತೆ. ಈ ಎರಡು ಪದಗಳ ನಡುವಿನ ವ್ಯತ್ಯಾಸವನ್ನು ಅಮೆರಿಕದ ಆರ್ಕಿಟೆಕ್ಚರ್ ಕಾಲೇಜುಗಳು ಕಲಿಯೋದಕ್ಕೆ ಹೆಚ್ಚುಕಡಿಮೆ ಅರ್ಧ ಶತಮಾನ ಹಿಡಿಯಿತು. ಆ ಕಥೆ ನಡೆದದ್ದು ಪಾರ್ಕುಗಳಲ್ಲಿ.

ಕಥೆ ಶುರುವಾಗೋದು ಕಾರ್ಲ್ ಲಿನ್ ಅನ್ನೋ ಮನುಷ್ಯನಿಂದ. 1923ರಲ್ಲಿ ಜರ್ಮನಿಯಲ್ಲಿ ಹುಟ್ಟಿದ ಯಹೂದಿ. ತಾಯಿ ನಡೆಸುತ್ತಿದ್ದ ತೋಟದಲ್ಲಿ ಬೆಳೆದ ಹುಡುಗ. ಹಿಟ್ಲರ್ ಅಧಿಕಾರಕ್ಕೆ ಬಂದ ಮೇಲೆ ಕುಟುಂಬ ಎಲ್ಲವನ್ನೂ ಬಿಟ್ಟು ಪ್ಯಾಲೆಸ್ಟೈನಿಗೆ ಓಡಿತು. ಅಲ್ಲಿ ಕೃಷಿ ಕಲಿತ, ಆಮೇಲೆ ಸ್ವಿಟ್ಜರ್ಲೆಂಡಿನಲ್ಲಿ ಮನಃಶಾಸ್ತ್ರ ಓದಿದ, 1948ರಲ್ಲಿ ಅಮೆರಿಕಕ್ಕೆ ಬಂದ. ಮೊದಲು ಮಕ್ಕಳ ಮನಸ್ಸಿನ ಚಿಕಿತ್ಸೆಯಲ್ಲಿ ಕೆಲಸ ಮಾಡಿ, ನಂತರ ಉದ್ಯಾನ ವಿನ್ಯಾಸಕ್ಕೆ ಇಳಿದ. ಹೆಸರು ಬಂತು. ನ್ಯೂಯಾರ್ಕಿನ ಪ್ರಸಿದ್ಧ ಸೀಗ್ರಾಂ ಕಟ್ಟಡದಲ್ಲಿದ್ದ ಫೋರ್ ಸೀಸನ್ಸ್ ಹೋಟೆಲಿನ ಒಳಗಿನ ಗಿಡಮರಗಳ ವಿನ್ಯಾಸ ಅವನದೇ. ಶ್ರೀಮಂತರ ಬಂಗಲೆಗಳಿಗೂ ತೋಟ ಮಾಡಿಕೊಟ್ಟ. ಎತ್ತರದ ಬೇಲಿ, ಅದರೊಳಗೆ ಚೆಂದದ ತೋಟ, ಆ ತೋಟದಲ್ಲಿ ಒಂಟಿಯಾಗಿ ಓಡಾಡುವ ಮನೆಯವರು. ಇದು ಅವನಿಗೆ ಸಾಕೆನಿಸಿತು.

1959ರಲ್ಲಿ ಇಯಾನ್ ಮೆಕ್‌ಹಾರ್ಗ್ ಕರೆದರು ಅಂತ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯಕ್ಕೆ ಪಾಠ ಮಾಡೋಕೆ ಹೋದ. ಫಿಲಡೆಲ್ಫಿಯಾದ ಉತ್ತರ ಭಾಗದಲ್ಲಿ ಆಗ ಕಪ್ಪು ಜನರ ಬಡ ಕೇರಿಗಳು. ಒಂದಕ್ಕೊಂದು ಗೋಡೆ ಅಂಟಿಸಿ ಕಟ್ಟಿದ ಸಾಲುಮನೆಗಳು. ನಡುನಡುವೆ ಮನೆ ಕೆಡವಿದ ಜಾಗ, ಬಿದ್ದ ಹಲ್ಲಿನ ಹಾಗೆ ಖಾಲಿ ಖಾಲಿ. ಮಾಲೀಕರು ತೆರಿಗೆ ಕಟ್ಟದೆ ಕೈಬಿಟ್ಟ ಸೈಟುಗಳವು. ಕಸ, ಒಡೆದ ಗಾಜು, ಇಲಿ. ಲಿನ್ ತನ್ನ ವಿದ್ಯಾರ್ಥಿಗಳನ್ನು ಡ್ರಾಯಿಂಗ್ ಬೋರ್ಡಿನಿಂದ ಎಬ್ಬಿಸಿ ಅಲ್ಲಿಗೆ ಕರೆದುಕೊಂಡು ಹೋದ. ಮೆಲನ್ ಎಂಬ ಬೀದಿಯ ಬಳಿಯ ಇಂಥದೊಂದು ಜಾಗದಲ್ಲಿ ಕೇರಿಯ ಜನ, ಮಕ್ಕಳು, ವಿದ್ಯಾರ್ಥಿಗಳು ಎಲ್ಲ ಸೇರಿ ಒಂದು ಬಯಲು ಕಟ್ಟಿದರು. ಸಾಮಾನು ಎಲ್ಲಿಂದ? ನಗರ ಪುನರ್ನಿರ್ಮಾಣದ ಹೆಸರಲ್ಲಿ ಕೆಡವಿ ಹಾಕಿದ್ದ ಮನೆಗಳಿಂದಲೇ. ಹಳೇ ಇಟ್ಟಿಗೆ, ಹಳೇ ಮನೆಗಳ ಬಾಗಿಲ ಮುಂದಿದ್ದ ಅಮೃತಶಿಲೆಯ ಮೆಟ್ಟಿಲು. ಆ ಮೆಟ್ಟಿಲುಗಳೇ ಕೂರುವ ಕಟ್ಟೆಗಳಾದವು.

ಲಿನ್ ಇದನ್ನು ಪಾರ್ಕ್ ಅನ್ನಲಿಲ್ಲ, ಕಾಮನ್ಸ್ ಅಂದ. ನಮ್ಮ ಗೋಮಾಳದ ಹಾಗೆ, ಊರಿಗೆಲ್ಲ ಸೇರಿದ್ದು ಅನ್ನೋ ಅರ್ಥದಲ್ಲಿ. ಕೆಲಸದ ರೀತಿಗೆ ಅವನು ಕೊಟ್ಟ ಹೋಲಿಕೆ ಇನ್ನೂ ಚೆನ್ನಾಗಿದೆ. ಅಮೆರಿಕದ ಹಳ್ಳಿಗಳಲ್ಲಿ ಒಬ್ಬ ರೈತನಿಗೆ ಬಾರ್ನ್, ಅಂದರೆ ದನಕ್ಕೂ ಹುಲ್ಲಿಗೂ ಆಗುವಂಥ ದೊಡ್ಡ ಮರದ ಕಟ್ಟಡ ಬೇಕಾದಾಗ ಸುತ್ತಲಿನ ರೈತರೆಲ್ಲ ಬಂದು ಎಬ್ಬಿಸಿ ನಿಲ್ಲಿಸಿಕೊಡುತ್ತಿದ್ದರು. ಮುಂದೆ ಅವರಿಗೆ ಬೇಕಾದಾಗ ಇವನು ಹೋಗಬೇಕು. ಪಟ್ಟಣದಲ್ಲಿ ನಾವು ಮಾಡ್ತಿರೋದು ಅದೇ ಅಂತ ಅವನ ವಾದ. ನೋಡಿ, ನಮ್ಮ ಮುಯ್ಯಾಳು ಅಲ್ಲಿಯೂ ಇತ್ತು.

ಆದರೆ ಒಂದು ಕಡೆ ಲೆಕ್ಕ ತಪ್ಪಿತು. ವಿದ್ಯಾರ್ಥಿಗಳು ಸೆಮಿಸ್ಟರ್ ಮುಗಿದ ಮೇಲೆ ಹೊರಟುಹೋದರು. ಲಿನ್ ಕೂಡ ವಾಷಿಂಗ್ಟನ್, ಇನ್ನೂ ಬೇರೆ ಬೇರೆ ಊರುಗಳಿಗೆ ಹೋಗಿ ಇಂಥ ಬಯಲುಗಳನ್ನು ಕಟ್ಟಿಸುತ್ತ ತಿರುಗಿದ. ಕೇರಿಯವರಿಗೆ ಆ ನೆಲದ ಮೇಲೆ ಹಕ್ಕುಪತ್ರ ಇರಲಿಲ್ಲ. ನಿರ್ವಹಣೆಗೆ ದುಡ್ಡಿರಲಿಲ್ಲ. ಆ ಕಾಲದಲ್ಲಿ ಕಟ್ಟಿದ ಬಯಲುಗಳಲ್ಲಿ ಹೆಚ್ಚಿನವು ಬಹಳ ಕಾಲ ಬಾಳಲಿಲ್ಲ. ಅಂದರೆ ಕಟ್ಟುವಾಗ ಮುಯ್ಯಾಳು, ಕಟ್ಟಿದ ಮೇಲೆ ಶ್ರಮದಾನ.

ಇಷ್ಟಾದರೂ ಒಂದು ಬಾಗಿಲು ತೆರೆದಿತ್ತು. 1967ರಲ್ಲಿ ಯೇಲ್ ವಿಶ್ವವಿದ್ಯಾಲಯದ ಚಾರ್ಲ್ಸ್ ಮೂರ್ ತಮ್ಮ ವಿದ್ಯಾರ್ಥಿಗಳನ್ನು ಕೆಂಟಕಿಯ ಗುಡ್ಡಗಾಡಿಗೆ ಕಳಿಸಿ ನ್ಯೂ ಜಯಾನ್ ಎಂಬಲ್ಲಿ ಒಂದು ಸಮುದಾಯ ಭವನ ಕಟ್ಟಿಸಿದರು. ಮುಂದಿನ ವರ್ಷ, 1968ರ ಜೂನಿನಲ್ಲಿ, ವಾಸ್ತುಶಿಲ್ಪಿಗಳ ರಾಷ್ಟ್ರೀಯ ಸಮಾವೇಶದಲ್ಲಿ ನಾಗರಿಕ ಹಕ್ಕುಗಳ ನಾಯಕ ವಿಟ್ನಿ ಯಂಗ್ ಎದ್ದು ನಿಂತು, ಊರುಗಳು ಉರಿಯುವಾಗ ನಿಮ್ಮ ವೃತ್ತಿ ಬಾಯಿ ಮುಚ್ಚಿಕೊಂಡು ಕೂತಿದೆ, ನೀವು ಯಾರ ಕೆಲಸಕ್ಕೂ ಬಾರದವರಾಗಿದ್ದೀರಿ ಅನ್ನೋ ಅರ್ಥದ ಮಾತನ್ನು ಮುಖಕ್ಕೆ ಹೊಡೆದ ಹಾಗೆ ಹೇಳಿದರು. ಸಭೆಯಲ್ಲಿದ್ದವರಿಗೆ ಆ ಮಾತು ಚುಚ್ಚಿತು. ಕಾಲೇಜುಗಳಲ್ಲಿ ಸಮುದಾಯ ವಿನ್ಯಾಸ ಕೇಂದ್ರಗಳು ಹುಟ್ಟಿಕೊಂಡವು. ಯೇಲ್‌ನ ಮೊದಲ ವರ್ಷದ ವಿದ್ಯಾರ್ಥಿಗಳು ಕೈಯಾರೆ ಏನನ್ನಾದರೂ ಕಟ್ಟುವ ಪದ್ಧತಿ ನಿಲ್ಲದೆ ಮುಂದುವರಿಯಿತು; ಎಷ್ಟೋ ವರ್ಷ ಅವರು ಕಟ್ಟಿದ್ದು ಸುತ್ತಲಿನ ಊರುಗಳ ಪಾರ್ಕುಗಳಿಗೆ ಬೇಕಾದ ಮಂಟಪಗಳನ್ನೇ. ಪಾರ್ಕಿನ ಮಂಟಪ ವಿದ್ಯಾರ್ಥಿಗಳಿಗೆ ಹೇಳಿ ಮಾಡಿಸಿದ ಕೆಲಸ. ಗೋಡೆ ಬೇಡ, ಕರೆಂಟು ಹೆಚ್ಚು ಬೇಡ, ಒಂದು ಬೇಸಿಗೆಯಲ್ಲಿ ಮುಗಿಯುತ್ತೆ. ಹೆಚ್ಚುಕಡಿಮೆ ಆದರೆ ಯಾರ ಸಂಸಾರವೂ ಮಳೆಯಲ್ಲಿ ನೆನೆಯಲ್ಲ.

ಈಗ ಅಲಬಾಮಾಗೆ ಬರೋಣ. ಆ ರಾಜ್ಯದ ನಡುವೆ ಅಡ್ಡಲಾಗಿ ಹಾದುಹೋಗುವ ಎರೆಮಣ್ಣಿನ ಪಟ್ಟಿಗೆ ಬ್ಲ್ಯಾಕ್ ಬೆಲ್ಟ್ ಅಂತಲೇ ಹೆಸರು. ಎರೆಮಣ್ಣು ಅಂದ ಮೇಲೆ ಹತ್ತಿ ಇರಲೇಬೇಕು. ಹತ್ತಿ ಜೊತೆಗೆ ಅಲ್ಲಿ ಗುಲಾಮಗಿರಿ, ಅದು ಹೋದ ಮೇಲೆ ಗೇಣಿ, ಗೇಣಿ ಹೋದ ಮೇಲೆ ಬರೀ ಬಡತನ. 1936ರಲ್ಲಿ ಲೇಖಕ ಜೇಮ್ಸ್ ಏಜಿ ಮತ್ತು ಛಾಯಾಗ್ರಾಹಕ ವಾಕರ್ ಇವಾನ್ಸ್ ಗೇಣಿದಾರರ ಬದುಕನ್ನು ದಾಖಲಿಸಲು ಬಂದದ್ದು ಇಲ್ಲಿನ ಹೇಲ್ ಕೌಂಟಿಗೆ. 1968ರ ಮಾರ್ಚಿನಲ್ಲಿ, ಹತ್ಯೆಯಾಗುವ ಎರಡು ವಾರದ ಮುಂಚೆ, ಮಾರ್ಟಿನ್ ಲೂಥರ್ ಕಿಂಗ್ ಒಂದು ರಾತ್ರಿ ಕ್ಲಾನ್‌ನವರಿಂದ ತಪ್ಪಿಸಿಕೊಂಡು ಅಡಗಿದ್ದ ಪುಟ್ಟ ಮನೆ ಇರೋದು ಈ ಕೌಂಟಿಯ ಕೇಂದ್ರ ಗ್ರೀನ್ಸ್‌ಬರೋದಲ್ಲಿ. ಎರಡೂವರೆ ಸಾವಿರ ಜನರ ಊರು. ನಮ್ಮ ಲೆಕ್ಕದಲ್ಲಿ ಒಂದು ಹೋಬಳಿ ಕೇಂದ್ರಕ್ಕೂ ಸಾಲದು.

ಇದೇ ಕೌಂಟಿಯಲ್ಲಿ 1993ರಲ್ಲಿ ಆಬರ್ನ್ ವಿಶ್ವವಿದ್ಯಾಲಯದ ಸ್ಯಾಮ್ಯುಯೆಲ್ ಮಾಕ್‌ಬೀ ಮತ್ತು ಡಿ. ಕೆ. ರೂತ್ ಸೇರಿ ರೂರಲ್ ಸ್ಟುಡಿಯೋ ಶುರು ಮಾಡಿದರು. ಆರ್ಕಿಟೆಕ್ಚರ್ ವಿದ್ಯಾರ್ಥಿಗಳು ಕ್ಯಾಂಪಸ್ ಬಿಟ್ಟು ಇಲ್ಲಿಗೇ ಬಂದು ಇರಬೇಕು, ಬಡವರಿಗೆ ಬೇಕಾದ್ದನ್ನು ವಿನ್ಯಾಸ ಮಾಡಿ ತಾವೇ ಕಟ್ಟಬೇಕು. ಒಂದು ಮನೆಗೆ ಹುಲ್ಲಿನ ಪಿಂಡಿಗಳೇ ಗೋಡೆ. ಒಂದು ಪ್ರಾರ್ಥನಾ ಮಂದಿರಕ್ಕೆ ಹಳೇ ಷೆವರ್ಲೆ ಕಾರುಗಳ ಗಾಜೇ ಮುಚ್ಚಿಗೆ. ಫೋಟೋಗಳು ಜಗತ್ತೆಲ್ಲ ಸುತ್ತಿದವು, 2000ದಲ್ಲಿ ಮಾಕ್‌ಬೀಗೆ ಮೆಕಾರ್ಥರ್ ಫೆಲೋಶಿಪ್ ಬಂತು. ಆದರೆ ಜೊತೆಗೇ ಒಂದು ಪ್ರಶ್ನೆಯೂ ಏಳುತ್ತಿತ್ತು: ಇದು ಬಡವರಿಗೆ ಮನೆಯೋ, ಹುಡುಗರಿಗೆ ಪ್ರಯೋಗಶಾಲೆಯೋ? ಬಡವರ ಮನೆ ಮೇಲೆ ಕೈ ಪಳಗಿಸಿಕೊಂಡು ಹೋಗೋದು ಎಷ್ಟು ಸರಿ? ಈ ಪ್ರಶ್ನೆಯನ್ನು ಸುಮ್ಮನೆ ತಳ್ಳಿಹಾಕೋ ಹಾಗಿಲ್ಲ.

2001ರ ಕೊನೆಗೆ ಮಾಕ್‌ಬೀ ರಕ್ತದ ಕ್ಯಾನ್ಸರಿನಿಂದ ತೀರಿಕೊಂಡರು. ಗುರುವಿನ ಜೊತೆಗೇ ಸ್ಟುಡಿಯೋ ಮುಗಿಯುತ್ತೆ ಅಂದುಕೊಂಡವರು ಬಹಳ. ಜವಾಬ್ದಾರಿ ಹೊತ್ತವರು ಇಂಗ್ಲೆಂಡಿನ ಯಾರ್ಕ್‌ಷೈರ್ ಮೂಲದ ಆಂಡ್ರೂ ಫ್ರಿಯರ್. ಅವರ ಕಾಲದಲ್ಲಿ ಒಬ್ಬೊಬ್ಬರಿಗೆ ಮನೆ ಕಟ್ಟೋದರ ಜೊತೆಗೆ ಊರಿಗೆಲ್ಲ ಸೇರಿದ ಕೆಲಸಗಳೂ ಹೆಚ್ಚಾದವು: ಅಗ್ನಿಶಾಮಕ ಠಾಣೆ, ಗ್ರಂಥಾಲಯ, ಪಾರ್ಕು. ಪಕ್ಕದ ಪೆರ್ರಿ ಕೌಂಟಿಯಲ್ಲಿ ವರ್ಷಗಟ್ಟಲೆ ಬಾಗಿಲು ಹಾಕಿದ್ದ ಪೆರ್ರಿ ಲೇಕ್ಸ್ ಪಾರ್ಕಿನಲ್ಲಿ 2002ರಲ್ಲಿ ಒಂದು ಮಂಟಪ ಎದ್ದಿತು. ಮರುವರ್ಷ ಬೇರೆ ತಂಡ ಬಂದು ಶೌಚಾಲಯ ಕಟ್ಟಿತು, ಅದರ ಮರುವರ್ಷದವರು ಸೇತುವೆ, ಅದರ ಮುಂದಿನವರು ಹಕ್ಕಿ ನೋಡುವ ಗೋಪುರ. ಆ ಗೋಪುರ ಹಿಂದೆ ಕಾಡಿನ ಬೆಂಕಿ ಕಾಯಲು ನಿಂತಿದ್ದು. 10 ಡಾಲರಿಗೆ ಕೊಂಡು, ಬಿಚ್ಚಿ ತಂದು, ಇಲ್ಲಿ ನಿಲ್ಲಿಸಿದರು. ನೂರು ಅಡಿ ಎತ್ತರ.

ಇಲ್ಲಿ ಗಮನಿಸಬೇಕಾದ್ದು ಗೋಪುರದ ಎತ್ತರವಲ್ಲ. ಒಂದೇ ಜಾಗಕ್ಕೆ ವರ್ಷದ ಮೇಲೆ ವರ್ಷ ಬಂದದ್ದು. ವಿದ್ಯಾರ್ಥಿಗಳು ಬದಲಾದರು, ಸ್ಟುಡಿಯೋ ಅಲ್ಲೇ ಉಳಿಯಿತು. ಲಿನ್‌ಗೆ ಕೈತಪ್ಪಿದ ಲೆಕ್ಕ ಇಲ್ಲಿ ಸರಿಹೋಗುವ ಹಾಗೆ ಕಂಡಿತು.

ಅದನ್ನು ನಿಜವಾಗಿ ಒರೆಗೆ ಹಚ್ಚಿದ್ದು ಗ್ರೀನ್ಸ್‌ಬರೋದ ಲಯನ್ಸ್ ಪಾರ್ಕಿನಲ್ಲಿ. 40 ಎಕರೆ. ಊರಿನ ದೊಡ್ಡ ಪಾರ್ಕು ಅದೇ, ಆದರೆ ಒಬ್ಬ ಯಜಮಾನ ಅಂತ ಇಲ್ಲ: ನಗರಸಭೆ, ಕೌಂಟಿ, ಲಯನ್ಸ್ ಕ್ಲಬ್ ಎಲ್ಲರದೂ ಒಂದೊಂದು ಪಾಲು. ಎಲ್ಲರದೂ ಅಂದರೆ ಯಾರದೂ ಅಲ್ಲ ಅನ್ನೋದು ನಮಗೇನು ಹೊಸದಲ್ಲ. ಆದ್ದರಿಂದ ಇಲ್ಲಿ ವಿನ್ಯಾಸಕ್ಕಿಂತ ಮುಂಚೆ ಆಗಬೇಕಿದ್ದ ಕೆಲಸ ಈ ಪಾಲುದಾರರನ್ನು ಒಂದು ಮೇಜಿನ ಸುತ್ತ ಕೂರಿಸೋದು. ಪಾರ್ಕಿಗೊಂದು ಸಮಿತಿ ಆಯಿತು. ವಿದ್ಯಾರ್ಥಿಗಳು ನಕ್ಷೆ ಹಿಡಿದು ಉತ್ತರ ಹೇಳಬೇಕಾದ್ದು ಈ ಸಮಿತಿಗೆ.

2005ರ ಆಸುಪಾಸಿನಲ್ಲಿ ಕೆಲಸ ಆರಂಭವಾಯಿತು. ಮೊದಲು ಬೇಸ್‌ಬಾಲ್ ಮೈದಾನಗಳು. ನೋಡೋಕೆ ಸುಲಭ ಅನ್ನಿಸುತ್ತೆ, ಅಲ್ಲ. ಬೇಸ್‌ಬಾಲಿನಲ್ಲಿ ದಿಕ್ಕು ಮುಖ್ಯ. ಸಂಜೆಯ ಬಿಸಿಲು ಬ್ಯಾಟು ಹಿಡಿದ ಹುಡುಗನ ಕಣ್ಣಿಗೆ ಹೊಡೆಯಬಾರದು. ನೀರು ನಿಲ್ಲಬಾರದು. ಇಂಥ ಕೆಲಸ ಪತ್ರಿಕೆಯ ಮುಖಪುಟಕ್ಕೆ ಬರಲ್ಲ. ಆರ್ಕಿಟೆಕ್ಟ್ ಆಗಲು ಬಂದ ಹುಡುಗ ಹುಡುಗಿಯರು ಮಣ್ಣು ಮಟ್ಟ ಮಾಡುತ್ತ ತಿಂಗಳುಗಟ್ಟಲೆ ಕಳೆಯೋದನ್ನು ಯಾವ ಪ್ರಶಸ್ತಿ ಸಮಿತಿಯೂ ಕೇಳಲ್ಲ. ಅದಾದ ಮೇಲೆ ಶೌಚಾಲಯ, ಗೇಟು. ಆಮೇಲೆ ಸ್ಕೇಟಿಂಗ್ ಅಂಗಳ. ಅದಕ್ಕೆ ಪ್ರಸಿದ್ಧ ಸ್ಕೇಟ್‌ಬೋರ್ಡ್ ಆಟಗಾರ ಟೋನಿ ಹಾಕ್ ಅವರ ಪ್ರತಿಷ್ಠಾನ ನೆರವು ಕೊಟ್ಟಿತು. ಆಟದ ದಿನ ತಿಂಡಿ ತೀರ್ಥ ಮಾರುವ ಮಳಿಗೆ, ಮಕ್ಕಳ ಆಟದ ಜಾಗ, ಸ್ಕೌಟುಗಳಿಗೆ ಒಂದು ಮನೆ. ಪ್ರತಿ ಸಲ ಹೊಸ ತಂಡ, ಆದರೆ ಹಿಂದಿನವರು ಮಾಡಿದ್ದರ ಮೇಲೇ ಮುಂದಿನ ಕೆಲಸ.

ಮಕ್ಕಳ ಆಟದ ಜಾಗದ ವಿಷಯ ಸ್ವಲ್ಪ ಹೇಳಬೇಕು. ಪುದೀನ ಜಾತಿಯ ಎಣ್ಣೆ ಸಾಗಿಸಲು ಬಳಸಿದ್ದ, ಸತುವಿನ ಲೇಪ ಇರುವ ಉಕ್ಕಿನ ಡ್ರಮ್ಮುಗಳು ಸುಮಾರು 2,000 ಸಿಕ್ಕವು. ಒಂದೊಂದೂ ಇನ್ನೂರು ಲೀಟರಿನದು, ನಮ್ಮ ಪೆಟ್ರೋಲ್ ಬಂಕು, ಕಟ್ಟಡದ ಸೈಟುಗಳಲ್ಲಿ ಕಾಣೋ ಥರದವು. ಅವನ್ನು ಜೋಡಿಸಿ ಒಂದು ಚಕ್ರವ್ಯೂಹವನ್ನೇ ಮಾಡಿದರು. ಮಕ್ಕಳಿಗೆ ಓಡೋಕೆ, ಅಡಗೋಕೆ ಓಣಿಗಳು. ತಲೆ ಮೇಲೆ ನೆರಳು. ಅಲಬಾಮಾದ ಬೇಸಿಗೆಯಲ್ಲಿ ನೆರಳಿಲ್ಲದ ಜಾರುಬಂಡಿ ಕಾದ ಕಾವಲಿ ಆಗುತ್ತೆ. ಫಿಲಡೆಲ್ಫಿಯಾದ ಅಮೃತಶಿಲೆ ಮೆಟ್ಟಿಲಿನಿಂದ ಈ ಡ್ರಮ್ಮಿನವರೆಗೆ ಅರ್ಧ ಶತಮಾನ. ಬೇರೆಯವರು ಬಿಸಾಕಿದ್ದನ್ನು ಎತ್ತಿಕೊಳ್ಳೋ ಗುಣ ಬದಲಾಗಿಲ್ಲ.

ಬದಲಾಗಿದ್ದು ಬೇರೆ. ಫಿಲಡೆಲ್ಫಿಯಾದಲ್ಲಿ ಗುರು ಒಂದು ಜಾಗದಿಂದ ಇನ್ನೊಂದಕ್ಕೆ ಓಡುತ್ತಿದ್ದ. ಇಲ್ಲಿ ಶಾಲೆಯೇ ಪಕ್ಕದೂರು ನ್ಯೂಬರ್ನ್‌ನಲ್ಲಿ ಬೇರು ಬಿಟ್ಟಿದೆ. ಗೇಟಿನ ಕೀಲು ಮುರಿದರೆ ಯಾರ ಮನೆ ಬಾಗಿಲು ತಟ್ಟಬೇಕು ಅಂತ ಊರಿನವರಿಗೆ ಗೊತ್ತು. ಐದನೇ ವರ್ಷದ ವಿದ್ಯಾರ್ಥಿಗಳು ಪದವಿ ಸಿಕ್ಕ ಮೇಲೂ ಕೆಲಸ ಮುಗಿಯುವ ತನಕ ಅಲ್ಲೇ ಉಳಿಯೋದು ಸ್ಟುಡಿಯೋದಲ್ಲಿ ರೂಢಿ. ಉಳಿದವರಿಗೆ ಅಲ್ಲಿ ತಮಾಷೆಗೆ ‘ಲೆಫ್ಟ್‌ಓವರ್ಸ್’ ಅಂತಾರೆ, ಅಂದರೆ ಊಟ ಆದ ಮೇಲೆ ಮಿಕ್ಕಿದ್ದು!

ಇದರರ್ಥ ಅಲ್ಲಿ ಎಲ್ಲವೂ ಸರಿಹೋಯಿತು ಅಂತಲ್ಲ. 40 ಎಕರೆ ಹುಲ್ಲು ಬೆಳೀತಾನೇ ಇರುತ್ತೆ, ಅದನ್ನು ಕೊಯ್ಯೋಕೆ ಆಳು ಬೇಕು, ಆಳಿಗೆ ಸಂಬಳ ಬೇಕು. ತೆರಿಗೆ ವರಮಾನ ಕಡಿಮೆ ಇರುವ ಊರಿಗೆ ಚೆಂದದ ಪಾರ್ಕು ಒಂದು ಭಾರವೂ ಹೌದು. ಒಂದು ಕಾಲೇಜು ಬಂದು ಕಟ್ಟಿಕೊಟ್ಟಿತು ಅಂದಮಾತ್ರಕ್ಕೆ ಸರ್ಕಾರ ಮಾಡಬೇಕಿದ್ದ ಕೆಲಸದಿಂದ ಸರ್ಕಾರಕ್ಕೆ ಬಿಡುಗಡೆ ಸಿಗಬಾರದು. ವಿದ್ಯಾರ್ಥಿಗಳ ಉಚಿತ ದುಡಿಮೆ ಇಲ್ಲದೆ ಇಂಥ ಪಾರ್ಕು ಆಗಲ್ಲ ಅನ್ನೋದಾದರೆ, ಕಾಲೇಜು ಹತ್ತಿರ ಇಲ್ಲದ ಬಡ ಊರುಗಳ ಗತಿ ಏನು? ಈ ಪ್ರಶ್ನೆಗೆ ರೂರಲ್ ಸ್ಟುಡಿಯೋ ಒಂದೇ ಉತ್ತರ ಕೊಡಲಾರದು.

ಆದರೆ ಈ ಲೆಕ್ಕದಲ್ಲಿ ಇನ್ನೊಂದು ಕಡೆಯೂ ಇದೆ. ಈ ಹುಡುಗರು ಏನು ತಗೊಂಡು ಹೋದರು? ಕಾಂಕ್ರೀಟಿಗೆ ನೀರೆಷ್ಟು, ಮಳೆ ನೀರು ಯಾವ ಕಡೆ ಹರಿಯುತ್ತೆ, ಸಭೆಯಲ್ಲಿ ಮುನಿಸಿಕೊಂಡು ಎದ್ದು ಹೋದವರನ್ನು ವಾಪಸ್ ಕರೆಯೋದು ಹೇಗೆ ಅಂತ ಕಲಿಸಿಕೊಟ್ಟದ್ದು ಆ ಊರು. ಡಿಗ್ರಿ ಕೊಟ್ಟದ್ದು ವಿಶ್ವವಿದ್ಯಾಲಯ, ಪಾಠ ಮಾಡಿದ್ದು ಹೇಲ್ ಕೌಂಟಿ. ಹಾಗಿದ್ದ ಮೇಲೆ ಅದನ್ನು ದಾನ ಅನ್ನೋಕೆ ಬಾಯಿ ಬರಲ್ಲ. ಊರಿನವರು ಮುಂಗಡ ಕೊಟ್ಟಿದ್ದಾರೆ, ಹುಡುಗರು ಮುಯ್ಯಿ ತೀರಿಸಿದ್ದಾರೆ.

ಕಾರ್ಲ್ ಲಿನ್ ಕಥೆಯ ಕೊನೆ ಹೇಳಿ ಮುಗಿಸ್ತೀನಿ. ಪಾಠ ಮಾಡೋದರಿಂದ ನಿವೃತ್ತನಾದ ಮೇಲೆ 1986ರಲ್ಲಿ ಅವನು ಕ್ಯಾಲಿಫೋರ್ನಿಯಾದ ಬರ್ಕ್‌ಲಿಗೆ ಬಂದು ನೆಲೆಸಿದ. ಅಲ್ಲಿಯೂ ಖಾಲಿ ಜಾಗ ಕಂಡರೆ ಕೈ ಸುಮ್ಮನಿರಲಿಲ್ಲ. ಆದರೆ ಈ ಸಲ ಬೇರೆ ಊರಿಗೆ ಓಡಲಿಲ್ಲ. ಅಲ್ಲೇ ನೆರೆಯವನಾಗಿ, ಸಾರ್ವಜನಿಕ ಜಾಗಗಳಲ್ಲಿ ಅಕ್ಕಪಕ್ಕದವರ ಜೊತೆ ತೋಟ ಎಬ್ಬಿಸುತ್ತ, ಕೂರುವ ಕಟ್ಟೆಗಳನ್ನು ಮಾಡುತ್ತ 2005ರಲ್ಲಿ ತೀರಿಕೊಳ್ಳುವವರೆಗೂ ಇದ್ದ. ಅದರಲ್ಲೊಂದು ತೋಟಕ್ಕೆ ಅವನು ಬದುಕಿದ್ದಾಗಲೇ ಅವನ ಹೆಸರಿಟ್ಟರು. ಫಿಲಡೆಲ್ಫಿಯಾದಲ್ಲಿ ಪ್ರೊಫೆಸರ್ ಆಗಿದ್ದವನು ಬರ್ಕ್‌ಲಿಯಲ್ಲಿ ತರಕಾರಿ ಪಾತಿಗೆ ನೀರು ಹಾಕುವ ಪಕ್ಕದ ಮನೆಯ ಅಜ್ಜ. ಆ ತೋಟ ಇವತ್ತಿಗೂ ಇದೆ.