ತೊಮಾನ್: ಹತ್ತು ಸಾವಿರ ಹತ್ತಾದ ಕಥೆ

ಇರಾನಿನ ನೋಟುಗಳ ಮೇಲೆ ಅಚ್ಚಾಗಿರುವುದು 'ರಿಯಾಲ್'. ಆದರೆ ಅಲ್ಲಿನ ಅಂಗಡಿಯಲ್ಲಿ ಬೆಲೆ ಕೇಳಿದರೆ ಉತ್ತರ ಸಿಗುವುದು 'ತೊಮಾನ್' ಲೆಕ್ಕದಲ್ಲಿ. ಒಂದು ತೊಮಾನ್ ಎಂದರೆ ಹತ್ತು ರಿಯಾಲ್.

ಈ ಪದ ಹುಟ್ಟಾ ಫಾರ್ಸಿಯದಲ್ಲ. ತುರ್ಕಿ ಮತ್ತು ಮಂಗೋಲ್ ಭಾಷೆಗಳ 'ತುಮೆನ್' ಅದರ ಮೂಲ. ಅರ್ಥ ಹತ್ತು ಸಾವಿರ. ಹತ್ತು ಸಾವಿರ ಸೈನಿಕರ ದಳಕ್ಕೂ ಅದೇ ಹೆಸರು. ಹದಿಮೂರನೆಯ ಶತಮಾನದಲ್ಲಿ ಮಂಗೋಲರು ಇರಾನನ್ನು ಆಳತೊಡಗಿದಾಗ ಪದವೂ ಅವರೊಂದಿಗೆ ಬಂತು. ಆ ವಂಶದ ಗಾಝಾನ್ ಖಾನ್ 1295ರಲ್ಲಿ ಇಸ್ಲಾಮ್ ಸ್ವೀಕರಿಸಿದರು. ನಾಣ್ಯಗಳ ತೂಕವನ್ನೂ ಸರಿಪಡಿಸಿದರು. ಆಗ ತೊಮಾನ್ ಎಂಬುದು ಕೈಗೆ ಸಿಗುವ ನಾಣ್ಯವಲ್ಲ, ಹತ್ತು ಸಾವಿರ ದೀನಾರಿನ ಲೆಕ್ಕ. ಚಿನ್ನದ ತೊಮಾನ್ ನಾಣ್ಯಗಳು ಬಂದದ್ದು ಮುಂದೆ, ಕಾಜಾರ್ ದೊರೆಗಳ ಕಾಲಕ್ಕೆ.

1932ರಲ್ಲಿ ರಿಯಾಲ್ ಅಧಿಕೃತ ನಾಣ್ಯವಾಯಿತು. ಅದೂ ಹೊರಗಿನ ಪದವೇ: 'ರಾಜನದು' ಎಂಬರ್ಥದ ಸ್ಪೇನ್–ಪೋರ್ಚುಗಲ್ ಕಡೆಯ 'ರೆಆಲ್'. ಕಾನೂನು ಬದಲಾದರೂ ಜನರ ನಾಲಿಗೆ ಬದಲಾಗಲಿಲ್ಲ. ನಮ್ಮಲ್ಲೂ 1957ರಲ್ಲಿ ಆಣೆಯ ಲೆಕ್ಕ ಹೋಗಿ ಹೊಸ ಪೈಸೆ ಬಂದ ಮೇಲೂ ಐವತ್ತು ಪೈಸೆಗೆ ಎಂಟಾಣೆ ಎನ್ನುತ್ತಲೇ ಇದ್ದೆವಲ್ಲವೇ?

ಹೀಗೆ ಆಡುವುದೊಂದು, ಅಚ್ಚಾಗಿರುವುದು ಇನ್ನೊಂದು. ಆದರೂ ಅಲ್ಲಿನ ಪೇಟೆ ನಡೆಯುತ್ತಿರುವುದು ಮಾರುವವನಿಗೂ ಕೊಳ್ಳುವವನಿಗೂ ಒಂದೇ ಅರ್ಥ ತಿಳಿದಿರುವುದರಿಂದ. ಫಿಕ್‌ಹ್‌ನಲ್ಲಿ ಇದನ್ನು 'ಉರ್ಫ್' ಎನ್ನುತ್ತಾರೆ, ಅಂದರೆ ಊರಿನ ರೂಢಿ. ಎಲ್ಲರಿಗೂ ತಿಳಿದ ರೂಢಿಗೆ ಬಾಯಲ್ಲಿ ಹೇಳಿದ ಷರತ್ತಿನಷ್ಟೇ ಬೆಲೆಯಿದೆ. ಆದರೆ ರೂಢಿ ಗೊತ್ತಿಲ್ಲದವನ ಮುಂದೆ ಬರೀ ಸಂಖ್ಯೆ ಹೇಳಿದರೆ ಲೆಕ್ಕ ಹತ್ತು ಪಟ್ಟು ತಪ್ಪುತ್ತದೆ. ಬೆಲೆ ಅಸ್ಪಷ್ಟವಾಗಿರುವ ವ್ಯಾಪಾರ ಶರೀಅತ್ತಿನಲ್ಲಿ ಸಿಂಧುವಲ್ಲ.

ಬಾಂಧವರೇ, ಇದು ದೂರದ ಇರಾನಿನ ಮಾತಷ್ಟೇ ಅಲ್ಲ. ನಮ್ಮ ಎಷ್ಟೋ ಮನೆಗಳಲ್ಲಿ ಒಬ್ಬರು ಗಲ್ಫಿನಲ್ಲಿದ್ದಾರೆ. ಅಲ್ಲಿ ಅಣ್ಣ ತಮ್ಮನಿಗೆ 'ಐದು ಸಾವಿರ' ಸಾಲ ಕೊಡುತ್ತಾನೆ. ವರ್ಷಗಳ ನಂತರ ಊರಿನಲ್ಲಿ ಲೆಕ್ಕಕ್ಕೆ ಕೂತಾಗ ಪ್ರಶ್ನೆ ಏಳುತ್ತದೆ: ದಿರ್ಹಮೋ, ರೂಪಾಯಿಯೋ? ದಿರ್ಹಮಾದರೆ ಅಂದಿನ ದರವೋ, ಇಂದಿನದೋ? ಐದು ಸಾವಿರಕ್ಕಾಗಿ ಮಾತು ಬಿಟ್ಟ ಸಹೋದರರೂ ಉಂಟು. ದೀನಾರಿನಲ್ಲಿ ಬರಬೇಕಾದ ಹಣವನ್ನು ದಿರ್ಹಮಿನಲ್ಲಿ ಪಡೆಯುವ ಬಗ್ಗೆ ಇಬ್ನು ಉಮರ್ (ರ) ಕೇಳಿದಾಗ ಪ್ರವಾದಿಯವರು (ಸ) ಕೊಟ್ಟ ಅನುಮತಿಗೆ ಎರಡು ಷರತ್ತುಗಳಿದ್ದವು: ತೀರಿಸುವ ದಿನದ ದರವೇ ಇರಬೇಕು, ಬೇರ್ಪಡುವ ಮುನ್ನ ಬಾಕಿ ಉಳಿಯಬಾರದು.

ಕುರ್‌ಆನಿನ ಅತಿ ದೀರ್ಘ ಆಯತ್, ಅಲ್‌ಬಕರದ 282ನೆಯದು, ಸಾಲವನ್ನು ಬರೆದಿಡುವ ಕುರಿತೇ ಇದೆ. ಆದ್ದರಿಂದ ಸಾಲವಿರಲಿ, ಮಹ್ರ್ ಇರಲಿ, ಸಂಖ್ಯೆಯ ಪಕ್ಕದಲ್ಲಿ ನಾಣ್ಯದ ಹೆಸರನ್ನೂ ಬರೆಯೋಣ. ಹಾಗೆ ಬರೆಯುವುದು ಅಪನಂಬಿಕೆಯಲ್ಲ, ಸಂಬಂಧವನ್ನು ಉಳಿಸಿಕೊಳ್ಳುವ ದಾರಿ. ಅಲ್ಲಾಹನು ನಮ್ಮ ವ್ಯವಹಾರಗಳನ್ನು ಶುದ್ಧವಾಗಿಡಲಿ. ಆಮೀನ್.