ಮಂಡಿ ನೇರ ಮಾಡುವ ಆಪರೇಷನ್: ಮೂಳೆ ಕೂಡದೇ ಇರೋಕೆ ಕಾರಣ ಏನು? ನಿಮಗೆ ಗೊತ್ತಿರಲಿ

ಕೋಣಂದೂರು: ಮಂಡಿ ಸವೆದಿದೆ ಅಂದ ಕೂಡಲೇ ಎಲ್ಲರಿಗೂ ನೆನಪಾಗೋದು ಮಂಡಿ ಬದಲಾಯಿಸೋ ಆಪರೇಷನ್. ಆದರೆ ಕಾಲು ಬಿಲ್ಲಿನ ಹಾಗೆ ಬಾಗಿ ಮಂಡಿಯ ಒಳಬದಿ ಮಾತ್ರ ಸವೆದಿದ್ದರೆ, ವಯಸ್ಸು ಸುಮಾರು 60ರ ಒಳಗಿದ್ದರೆ ಡಾಕ್ಟರು ಇನ್ನೊಂದು ದಾರಿಯನ್ನೂ ಹೇಳುವುದುಂಟು. ಅದರ ಹೆಸರು ಹೈ ಟಿಬಿಯಲ್ ಆಸ್ಟಿಯಾಟಮಿ, ಚಿಕ್ಕದಾಗಿ ಎಚ್‌ಟಿಒ. ಇದರಲ್ಲಿ ಸ್ವಂತ ಮಂಡಿಯೇ ಉಳಿಯುತ್ತದೆ. ಆದರೆ ಕತ್ತರಿಸಿದ ಮೂಳೆ ಮತ್ತೆ ಕೂಡಬೇಕು. ಕೂಡದಿದ್ದರೆ ಎರಡನೇ ಆಪರೇಷನ್, ಮತ್ತೆ ಖರ್ಚು, ಮತ್ತೆ ತಿಂಗಳುಗಟ್ಟಲೆ ದುಡಿಮೆ ನಷ್ಟ.

ಏನು ಮಾಡ್ತಾರೆ?

ಮಂಡಿಯ ಕೆಳಗಿನ ದೊಡ್ಡ ಮೂಳೆಯನ್ನು ಒಳಬದಿಯಿಂದ ಕೊಯ್ದು, ಹೊರಬದಿಯಲ್ಲಿ ಸುಮಾರು 1 ಸೆಂ.ಮೀ. ಹಾಗೇ ಬಿಡುತ್ತಾರೆ. ಅದು ಬಾಗಿಲಿನ ಕೀಲಿನಂತೆ ಕೆಲಸ ಮಾಡುತ್ತದೆ. ನಂತರ ಸೀಳನ್ನು ಅಗಲಿಸಿ, ಕಾಲು ನೇರ ಮಾಡಿ, ಪ್ಲೇಟು ಸ್ಕ್ರೂ ಹಾಕುತ್ತಾರೆ. ಆ ಸಂದು ಹೊಸ ಮೂಳೆಯಿಂದ ತುಂಬಲು ಸಾಮಾನ್ಯವಾಗಿ 3ರಿಂದ 6 ತಿಂಗಳು ಬೇಕು, ಪೂರ್ತಿ ಗಟ್ಟಿಯಾಗಲು ಇನ್ನೂ ಹೆಚ್ಚು.

ಮೂಳೆ ಕೂಡಲು ಅಡ್ಡಿ ಯಾವುದು?

1. ಹೊಗೆಸೊಪ್ಪು: ಬೀಡಿ, ಸಿಗರೇಟು ಮೊದಲ ಶತ್ರು. ನಿಕೋಟಿನ್ ಸಣ್ಣ ರಕ್ತನಾಳಗಳನ್ನು ಕುಗ್ಗಿಸುತ್ತದೆ, ಮೂಳೆಗೆ ರಕ್ತ ಕಡಿಮೆಯಾಗುತ್ತದೆ. "ನಾನು ಸೇದಲ್ಲ, ಎಲೆ ಅಡಿಕೆ ಜೊತೆ ಚೂರು ಹಾಕ್ಕೋತೀನಿ ಅಷ್ಟೆ" ಅನ್ನೋರೂ ನೆನಪಿಡಿ, ಅದರಲ್ಲೂ ನಿಕೋಟಿನ್ ಇದೆ. ಆಪರೇಷನ್‌ಗೆ ಕನಿಷ್ಠ 4 ವಾರ ಮೊದಲೇ ಬಿಡಬೇಕು, ಮೂಳೆ ಕೂಡುವ ತನಕ ಮುಟ್ಟಬಾರದು.

2. ಸಕ್ಕರೆ ಕಾಯಿಲೆ: ಹತೋಟಿಯಲ್ಲಿ ಇಲ್ಲದಿದ್ದರೆ ಮೂಳೆ ಕೂಡುವುದು ತಡ, ಗಾಯ ಕೀವಾಗುವ ಭಯವೂ ಹೆಚ್ಚು. ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ ಪರೀಕ್ಷೆ ಮೊದಲೇ ಮಾಡಿಸಿ.

3. ತೂಕ: ಬಿಎಂಐ 30 ದಾಟಿದವರಲ್ಲಿ ಪ್ಲೇಟಿನ ಮೇಲೆ ಭಾರ ಜಾಸ್ತಿ.

4. ಕೀಲಿನ ಜಾಗ ಮುರಿಯುವುದು: ಹೊರಬದಿಯಲ್ಲಿ ಬಿಟ್ಟ ಆ 1 ಸೆಂ.ಮೀ. ಮೂಳೆ ಕೆಲವೊಮ್ಮೆ ಸೀಳುತ್ತದೆ. ಆಗ ಸಂದು ಅಲುಗಾಡುತ್ತದೆ. "ನನ್ನ ಕೀಲು ಸರಿ ಇದೆಯಾ?" ಅಂತ ಎಕ್ಸ್‌ರೇ ತೋರಿಸಿ ಡಾಕ್ಟರನ್ನು ಕೇಳಿ, ಸಂಕೋಚ ಬೇಡ.

5. ದೊಡ್ಡ ಸಂದು: ಅಗಲ 10 ಮಿ.ಮೀ. ದಾಟಿದಷ್ಟೂ ತುಂಬಲು ಹೆಚ್ಚು ಸಮಯ ಬೇಕು. ಕೆಲವರಿಗೆ ಸೊಂಟದ ಮೂಳೆಯ ಚೂರು ತೆಗೆದು ತುಂಬುತ್ತಾರೆ.

6. ವಿಟಮಿನ್ ಡಿ, ಪ್ರೋಟೀನ್ ಕೊರತೆ: ಮಳೆಗಾಲದಲ್ಲಿ ನಮ್ಮ ಕಡೆ ವಾರಗಟ್ಟಲೆ ಬಿಸಿಲೇ ಇರಲ್ಲ. ರಕ್ತ ಪರೀಕ್ಷೆ ಮಾಡಿಸಿ, ಮಾತ್ರೆ ಡಾಕ್ಟರು ಹೇಳಿದಷ್ಟೇ. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗಿಂತ ಹೆಚ್ಚು ಕ್ಯಾಲ್ಸಿಯಂ ಇದೆ. ಜೊತೆಗೆ ಮೊಟ್ಟೆ, ಬೇಳೆ, ಮೀನು, ಹಾಲು ಇರಲಿ.

7. ಮೆಡಿಕಲ್ ಶಾಪ್ ಮಾತ್ರೆ: ನೋವಿನ ಮಾತ್ರೆ, ಸ್ಟೀರಾಯ್ಡ್ ಅನ್ನು ಡಾಕ್ಟರನ್ನು ಕೇಳದೆ ದಿನವೂ ನುಂಗಬೇಡಿ. ಸ್ಟೀರಾಯ್ಡ್ ಮೂಳೆಯನ್ನು ದುರ್ಬಲ ಮಾಡುತ್ತದೆ.

ಕೊಯ್ಲು ಮುಗಿಸಿಕೊಳ್ಳಿ

ನೋವು ಕಡಿಮೆ ಆಯ್ತು ಅಂದರೆ ಮೂಳೆ ಕೂಡಿತು ಅಂತಲ್ಲ. ವಾಕರ್ ಯಾವಾಗ ಬಿಡಬೇಕು ಅನ್ನೋದನ್ನು ಎಕ್ಸ್‌ರೇ ನೋಡಿ ಡಾಕ್ಟರು ಹೇಳಬೇಕು. ಅಡಿಕೆ ಕೊಯ್ಲು, ಸುಲಿಯೋ ಕೆಲಸ ಎದುರಿಗಿದ್ದಾಗ ಆಪರೇಷನ್ ಮಾಡಿಸಿಕೊಂಡರೆ ತೋಟಕ್ಕೆ ಇಳಿಯದೆ ಇರೋದು ಕಷ್ಟ. ತುರ್ತಿನ ಆಪರೇಷನ್ ಅಲ್ಲವಾದ್ದರಿಂದ ಸುಗ್ಗಿ ಮುಗಿದ ಮೇಲಿನ ದಿನ ಕೇಳಿ. ಅಂಗಡಿಯವರು ಗಲ್ಲಾದಲ್ಲಿ ಕೂರಲು ಇನ್ನೊಬ್ಬರನ್ನು ಮೊದಲೇ ನೋಡಿಕೊಳ್ಳಿ. ಕೊಯ್ದ ಜಾಗಕ್ಕೆ ಎಣ್ಣೆ ಹಾಕಿ ತಿಕ್ಕಿಸಬೇಡಿ.

ಹಂದಿಗೋಡು ಕಾಯಿಲೆ ಬೇರೆ

ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ 1970ರ ದಶಕದಲ್ಲಿ ಗುರುತಿಸಿದ ಕಾಯಿಲೆ ವಂಶದಲ್ಲಿ ಬರುವಂಥದ್ದು. ಅದು ಹೆಚ್ಚಾಗಿ ಸೊಂಟದ ಕೀಲಿಗೆ, ಕೆಲವರಿಗೆ ಮಂಡಿಗೂ ತೊಂದರೆ ಕೊಡುತ್ತದೆ. ಮನೆತನದಲ್ಲಿ ಅದು ಇದ್ದರೆ ಡಾಕ್ಟರಿಗೆ ಮೊದಲೇ ಹೇಳಿ.

ತಕ್ಷಣ ಹೋಗಬೇಕಾದ ಲಕ್ಷಣಗಳು

ಜ್ವರ, ಗಾಯದಲ್ಲಿ ಕೀವು, ಮೀನಖಂಡದ ಊತ, ಕಡಿಮೆಯಾಗಿದ್ದ ನೋವು ಕಾಲೂರಿದರೆ ಮತ್ತೆ ಜಾಸ್ತಿಯಾಗುವುದು, ಕಾಲು ಮತ್ತೆ ಬಾಗಿದಂತೆ ಕಾಣುವುದು. ಇದರಲ್ಲಿ ಒಂದು ಕಂಡರೂ ಆಪರೇಷನ್ ಮಾಡಿದ ಆಸ್ಪತ್ರೆಗೆ ಹೋಗಿ. ಶಿವಮೊಗ್ಗ ಇರಲಿ, ಮಣಿಪಾಲ ಇರಲಿ, ಬಸ್ಸಿನ ದೂರ ನೆನೆಸಿಕೊಂಡು ಮುಂದೂಡಬೇಡಿ. ಹಳೇ ಎಕ್ಸ್‌ರೇ ಎಲ್ಲಾ ಒಂದೇ ಚೀಲದಲ್ಲಿ ಇಟ್ಟುಕೊಂಡಿರಿ. ಮೊದಲಿನದ್ದಕ್ಕೆ ಹೋಲಿಸಿ ನೋಡಿದರೇನೇ ಮೂಳೆ ಕೂಡ್ತಾ ಇದೆಯೋ ಇಲ್ಲವೋ ಗೊತ್ತಾಗೋದು.